ಒಂದು ಇಳಕಲ್ ಸೀರೆ, ಅದರಲ್ಲಿ ಯಾರ ಪಾಲು ಎಷ್ಟು

ಆನ್‌ಲೈನ್‌ನಲ್ಲಿ ಮಾರಿದರೆ ದಲ್ಲಾಳಿ ಇರಲ್ಲ, ದುಡ್ಡೆಲ್ಲ ನೇಕಾರರಿಗೇ ಅಂತ ಹೇಳುವವರು ಒಂದೇ ಒಂದು ಸೀರೆಯ ಲೆಕ್ಕವನ್ನೂ ಬರೆದು ನೋಡಿರಲ್ಲ. ನಾನು ಇಳಕಲ್ ಸೀರೆ ಮಾರುತ್ತೇನೆ, ಪ್ರತಿ ಸೀರೆಗೂ ಲೆಕ್ಕ ಇಡುತ್ತೇನೆ: ಮಗ್ಗದಿಂದ ತಂದ ಬೆಲೆ, ಮಾರಾಟ ತಾಣದ ಕಮಿಷನ್, ಕಮಿಷನ್ ಮೇಲೆ 18% ಜಿಎಸ್‌ಟಿ, ಕೊರಿಯರ್, ಜಾಹೀರಾತು. ತಾಣದವರು ಮೊದಲೇ ಹಿಡಿದುಕೊಳ್ಳುವ ತೆರಿಗೆ (ಟಿಸಿಎಸ್, ಟಿಡಿಎಸ್) ಆಮೇಲೆ ನಾವು ಕಟ್ಟುವ ತೆರಿಗೆಯಲ್ಲಿ ಹೊಂದಿಕೆಯಾಗುತ್ತೆ, ಬಿಡಿ. ಕೈ ಕಚ್ಚುವುದು ಜಾಹೀರಾತು.

ಅದು ಹರಾಜು. ಯಾರೋ ‘ಇಳಕಲ್ ಸೀರೆ’ ಅಂತ ಹುಡುಕಿದಾಗ ಮೇಲೆ ಕಾಣಬೇಕು ಅಂದರೆ ನಾವೆಲ್ಲ ಬೆಲೆ ಕೂಗಬೇಕು. ಕೊಳ್ಳಲಿ ಬಿಡಲಿ, ಕ್ಲಿಕ್ ಮಾಡಿದರೆ ದುಡ್ಡು ಹೋಯ್ತು. ಕ್ಲಿಕ್ಕಿಗೆ 5 ರೂಪಾಯಿ, 50 ಕ್ಲಿಕ್ಕಿಗೆ ಒಬ್ಬರು ಕೊಂಡರು ಅಂತಿಟ್ಟುಕೊಳ್ಳಿ, ಆ ಸೀರೆಯ ತಲೆ ಮೇಲೆ 250 ರೂಪಾಯಿ. ಕೈಮಗ್ಗದಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಬೇಕು, ಕೆಂಪು ಬಿಳಿ ವಿನ್ಯಾಸದ ಟೋಪ್ ತೆನಿ ಸೆರಗು ತೆಗೆಯಬೇಕು. ಪವರ್‌ಲೂಮ್ ನಕಲು ಮಾರುವವನಿಗೆ ಆ ಕಷ್ಟ ಇಲ್ಲ, ಉಳಿದ ದುಡ್ಡನ್ನೆಲ್ಲ ಹರಾಜಿಗೆ ಸುರಿಯುತ್ತಾನೆ. ದಸರಾ, ದೀಪಾವಳಿ ಬಂದರೆ ರೇಟು ಇನ್ನೂ ಜಾಸ್ತಿ. ನಮ್ಮಲ್ಲಿ ಯಾರು ಗೆದ್ದರೂ ದುಡ್ಡು ಹರಾಜು ನಡೆಸುವವನಿಗೇ ಅಲ್ವಾ?

ಗಿರಾಕಿಗೆ ಲಾಭ ಇದೆ, ಇಲ್ಲ ಅನ್ನಲ್ಲ. ಪುಣೆಯಲ್ಲಿ ಕೂತವರು ಗೋಮಿ ದಡಿ, ಪರಾಸಪೇಟ ದಡಿ ಅಂತ ಎರಡು ಬಗೆಯ ಅಂಚನ್ನೂ ನೋಡಿ ಆರಿಸುತ್ತಾರೆ, ಇಷ್ಟವಾಗದಿದ್ದರೆ ವಾಪಸ್. (ಮದುವೆಗೆ ಉಟ್ಟು, ಅರಿಶಿನದ ಕಲೆ ಸಮೇತ ವಾಪಸ್ ಕಳಿಸುವವರೂ ಇದ್ದಾರೆ.) ಕೊರಿಯರಿನವರಿಗೆ ಹೋಗುವಾಗಲೂ ದುಡ್ಡು, ಬರುವಾಗಲೂ ದುಡ್ಡು.

ನೇಕಾರರಿಗೆ? ಕೂಲಿ ಒಂದು ಸೀರೆಗೆ ಇಷ್ಟು ಅಂತ, ನಾನು ಎಷ್ಟಕ್ಕೆ ಮಾರಿದರೂ ಅಷ್ಟೇ. ಆನ್‌ಲೈನ್ ಮಾರಾಟದಿಂದ ಸೀಸನ್ ಇಲ್ಲದಾಗಲೂ ಮಗ್ಗ ನಿಲ್ಲಲ್ಲ, ಅದೊಂದು ಅನುಕೂಲ ನಿಜ.

ಈಗ ನಾನು ಜಾಹೀರಾತು ಕೊಡುವುದು ಹೊಸ ಗಿರಾಕಿ ಹುಡುಕಲು ಮಾತ್ರ. ಕೊಂಡಿ ಹಾಕುವ ಚಿಕ್ಕ ವಿಡಿಯೋ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತೇನೆ, ನೋಡಿದವರು ನೇರ ವಾಟ್ಸ್‌ಆ್ಯಪ್‌ಗೆ ಬರುತ್ತಾರೆ. ಎರಡನೇ ಸೀರೆ ಕೇಳುವಾಗ ಜಾಹೀರಾತಿನ ಖರ್ಚಿಲ್ಲ, ಕಮಿಷನ್ ಇಲ್ಲ. ದುಡ್ಡು ಯುಪಿಐನಲ್ಲಿ ಪೂರ್ತಿ ಬರುತ್ತೆ, ಸೀರೆ ಸ್ಪೀಡ್ ಪೋಸ್ಟ್‌ನಲ್ಲಿ ಹೋಗುತ್ತೆ. ಹೀಗೆ ಮಾರಿದ ಸೀರೆಗೆ ಮಾತ್ರ ಕೂಲಿಯ ಮೇಲೆ ಸ್ವಲ್ಪ ಸೇರಿಸಿ ಕೊಡಲು ಆಗುತ್ತಿದೆ, ತಾಣದಲ್ಲಿ ಮಾರಿದ್ದಕ್ಕೆ ಇನ್ನೂ ಆಗಿಲ್ಲ. ದಸರಾ ಹತ್ತಿರ ಬಂತು ಅಂದರೆ ಜಾಹೀರಾತು ಬಂದ್ ಮಾಡಿ, ಹಳೇ ಗಿರಾಕಿಗಳಿಗೆ ಹೊಸ ಸೀರೆಯ ಫೋಟೋ ಕಳಿಸುತ್ತೇನೆ.