ಕಾರ್ಬ್ಯುರೇಟರ್ ಸೋರಿದರೆ ಮೊದಲು ಮುಚ್ಚಳ ಬಿಚ್ಚಿ, ಜೆಟ್ ಅಲ್ಲ

ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದ ಕೂಡಲೇ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ. ಜೆಟ್ಟಿನ, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ನಳಿಕೆಯ ಬುಡದಲ್ಲಿ ಹನಿ ತೂಗುತ್ತಿರುತ್ತದೆ. ಬಹುತೇಕರು ತಕ್ಷಣ ಸ್ಪ್ಯಾನರ್ ಹಿಡಿದು ಕೆಳಗಿನ ನಟ್ಟುಗಳನ್ನೆಲ್ಲ ಬಿಗಿಯುತ್ತಾರೆ. ಸಣ್ಣ ಸೋರಿಕೆ ದೊಡ್ಡದಾಗುವುದು ಅಲ್ಲಿಂದಲೇ. ಇಲ್ಲಿ ಹೇಳುತ್ತಿರುವುದು 1962ರಲ್ಲಿ ಬಂದ ಎಂಜಿಬಿಯ ಮೊದಲ ವರ್ಷಗಳ ಜೋಡಿ ಎಸ್‌ಯು ಎಚ್‌ಎಸ್‌4 ಕಾರ್ಬ್ಯುರೇಟರುಗಳ ಬಗ್ಗೆ. ನಂತರ ಬಂದ ಎಚ್‌ಐಎಫ್ ಮಾದರಿಯಲ್ಲಿ ಫ್ಲೋಟ್ ಬೌಲ್ (ಪೆಟ್ರೋಲ್ ನಿಲ್ಲುವ, ತೇಲುವ ಫ್ಲೋಟ್ ಅದರ ಮಟ್ಟ ಕಾಯುವ ಬಟ್ಟಲು) ಕಾರ್ಬ್ಯುರೇಟರಿನ ಹೊಟ್ಟೆಯೊಳಗೇ ಇರುವುದರಿಂದ ಅದರ ಕ್ರಮ ಬೇರೆ.

ಈ ಕಾರಿನಲ್ಲಿ ಕಾರ್ಬ್ಯುರೇಟರೂ ಎಕ್ಸಾಸ್ಟೂ ಇಂಜಿನ್ನಿನ ಒಂದೇ ಪಕ್ಕದಲ್ಲಿವೆ. ನಡುವೆ ಇರುವುದು ಒಂದು ತಗಡಿನ ತಡೆ ಮಾತ್ರ. ಹಾಗಾಗಿ ‘ಸ್ವಲ್ಪ ಸೋರಿದರೆ ಏನಂತೆ’ ಎಂದು ಓಡಿಸಬೇಡಿ. ಇಂಜಿನ್ ತಣ್ಣಗಾದ ಮೇಲೆ, ಗಾಳಿಯಾಡುವ ಜಾಗದಲ್ಲಿ, ಡ್ರೈ ಪೌಡರ್ ಅಗ್ನಿಶಾಮಕವನ್ನು ಕೈಗೆಟಕುವಂತೆ ಇಟ್ಟುಕೊಂಡು ಕೆಲಸ ಶುರು ಮಾಡಿ. ಗ್ಯಾರೇಜಿನ ಪಕ್ಕದ ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದನ್ನೂ ಆರಿಸಿ.

1. ಎಲ್ಲಿಂದ ಬರುತ್ತಿದೆ?

ಏರ್ ಕ್ಲೀನರ್ ತೆಗೆದು, ಎರಡೂ ಕಾರ್ಬ್ಯುರೇಟರುಗಳನ್ನು ಒರೆಸಿ ಒಣಗಿಸಿ. ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಹಿಂಬದಿಯಲ್ಲಿರುವ ಎಸ್‌ಯು ಪಂಪ್ ಟಕಟಕ ಎಂದು ಬೌಲುಗಳನ್ನು ತುಂಬಿಸಿ ಸುಮ್ಮನಾಗಬೇಕು. ಆಮೇಲೂ ಅರ್ಧ ನಿಮಿಷಕ್ಕೊಂದಕ್ಕಿಂತ ಹೆಚ್ಚು ಸಲ ಟಕ್ಕೆಂದರೆ ಪೆಟ್ರೋಲ್ ಎಲ್ಲೋ ಹೊರಹೋಗುತ್ತಿದೆ, ಇಲ್ಲವೇ ಪಂಪ್ ಗಾಳಿ ಎಳೆಯುತ್ತಿದೆ. ಟಿಶ್ಯೂ ಪೇಪರನ್ನು ಹುರಿ ಮಾಡಿ ಒಂದೊಂದೇ ಜಾಗಕ್ಕೆ ಮುಟ್ಟಿಸಿ: ಪೈಪ್ ಕ್ಲಿಪ್, ಮುಚ್ಚಳದ ಅಂಚು, ಓವರ್‌ಫ್ಲೋ ಕೊಳವೆಯ ತುದಿ, ಬೌಲಿನ ತಳದ ಹಿತ್ತಾಳೆ ನಟ್, ಕೊನೆಗೆ ಜೆಟ್ಟಿನ ಬುಡ.

ಎಲ್ಲರೂ ಮೋಸಹೋಗುವುದು ಇಲ್ಲಿ. ಎಚ್‌ಎಸ್‌4ರಲ್ಲಿ ಜೆಟ್ಟಿಗೂ ಅದರ ಬೇರಿಂಗಿಗೂ ನಡುವೆ ಸೀಲ್ ಇಲ್ಲ. ಬೌಲಿನಲ್ಲಿ ಮಟ್ಟ ಏರಿದರೆ ಪೆಟ್ರೋಲ್ ಜೆಟ್ಟಿನ ಬಾಯಿಂದ ಉಕ್ಕಿ, ಪಕ್ಕದ ಸಂದಿನಲ್ಲಿ ಇಳಿದು, ಬುಡದಿಂದ ತೊಟ್ಟಿಕ್ಕುತ್ತದೆ. ನೋಡಿದವರಿಗೆ ಜೆಟ್ಟೇ ಸೋರಿದಂತೆ ಕಾಣುತ್ತದೆ. ಹೊಸ ಜೆಟ್ ಹಾಕಿದರೂ ಹನಿ ನಿಲ್ಲುವುದಿಲ್ಲ. ಆದ್ದರಿಂದ ಜೆಟ್ಟಿನ ಬುಡ ಅಥವಾ ಓವರ್‌ಫ್ಲೋ ಒದ್ದೆಯಾಗಿದ್ದರೆ ನೇರ ಬೌಲಿನ ಮುಚ್ಚಳಕ್ಕೆ ಹೋಗಿ.

2. ಫ್ಲೋಟ್ ಮತ್ತು ಸೂಜಿ

ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ಸಂಪರ್ಕ ತೆಗೆಯಿರಿ. ಮೂರು ಸ್ಕ್ರೂ ಬಿಚ್ಚಿದರೆ ಮುಚ್ಚಳ ಬರುತ್ತದೆ. ಬೌಲಿನ ತಳದಲ್ಲಿ ಕಂದು ಪುಡಿ ಕಂಡರೆ ಅದು ಟ್ಯಾಂಕಿನ ತುಕ್ಕು. ಅದರ ಒಂದು ಕಣ, ಫ್ಲೋಟ್ ಮೇಲೇರಿದಾಗ ಪೆಟ್ರೋಲ್ ದಾರಿ ಮುಚ್ಚುವ ಸೂಜಿಗೂ ಅದು ಕೂರುವ ಸೀಟಿಗೂ ಮಧ್ಯೆ ಸಿಕ್ಕಿಕೊಂಡರೂ ಸಾಕು, ಬೌಲ್ ಉಕ್ಕುತ್ತದೆ. ಮುಚ್ಚಳದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಸೋರಿಕೆ ನಿಲ್ಲುವುದುಂಟು. ಅದು ಮನೆ ಸೇರುವ ತನಕದ ಉಪಾಯವಷ್ಟೆ.

ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಕುಲುಕಿದರೆ ಬಿಸಾಕಿ. ಅನುಮಾನವಿದ್ದರೆ ಪೆಟ್ರೋಲ್ ಪೂರ್ತಿ ಆರಿದ ಮೇಲೆ, ಕಾರಿನಿಂದ ದೂರದಲ್ಲಿ ಬಿಸಿನೀರಿನಲ್ಲಿ ಮುಳುಗಿಸಿ. ಗುಳ್ಳೆ ಎದ್ದರೆ ತೂತಿದೆ. ಅಂಟು ಹಾಕಿ ಮುಚ್ಚಿದ ಫ್ಲೋಟಿನ ತೂಕವೇ ಬದಲಾಗುತ್ತದೆ, ಹೊಸದನ್ನೇ ತನ್ನಿ.

ಸೂಜಿಯ ತುದಿಯಲ್ಲಿ ಉಂಗುರದಂತೆ ಸವೆತ ಕಂಡರೆ ಸೂಜಿ, ಸೀಟು ಎರಡನ್ನೂ ಜೋಡಿಯಾಗಿ ಬದಲಿಸಿ. ವಿಟಾನ್ (ಪೆಟ್ರೋಲ್ ತಾಳುವ ರಬ್ಬರ್) ತುದಿಯದ್ದನ್ನೇ ಕೊಳ್ಳಿ. ಸೂಜಿಯ ಬದಲು ಗುಂಡುಗಳಿರುವ ವಾಲ್ವುಗಳೂ ಮಾರಾಟಕ್ಕಿವೆ. ಕೆಲಕಾಲ ನಿಲ್ಲಿಸಿದ ಕಾರಿನಲ್ಲಿ ಅವು ಅಂಟಿಕೊಳ್ಳುತ್ತವೆ, ದುಡ್ಡು ಉಳಿಸಿ.

ಇನ್ನು ಮಟ್ಟ. ಮುಚ್ಚಳವನ್ನು ತಲೆಕೆಳಗಾಗಿ ಹಿಡಿಯಿರಿ. ಫ್ಲೋಟಿನ ಭಾರಕ್ಕೇ ಸೂಜಿ ಮುಚ್ಚಿಕೊಳ್ಳಲಿ, ಬೆರಳಿನಿಂದ ಒತ್ತಬೇಡಿ. ಒತ್ತಿದರೆ ಸೂಜಿಯೊಳಗಿನ ಸ್ಪ್ರಿಂಗ್ ಕುಗ್ಗಿ ಅಳತೆ ಸುಳ್ಳಾಗುತ್ತದೆ. ಮುಚ್ಚಳದ ನಡುವೆ ಅಡ್ಡಲಾಗಿ 1/8 ಇಂಚಿನ, ಅಂದರೆ 3.2 ಮಿ.ಮೀ. ಡ್ರಿಲ್ ಬಿಟ್ ಇಡಿ. ಅದು ಫ್ಲೋಟಿಗೂ ಮುಚ್ಚಳಕ್ಕೂ ನಡುವೆ ಸರಿಯಾಗಿ ತಾಗಬೇಕು. 3/16 ಇಂಚಿನವರೆಗೂ ನಡೆಯುತ್ತದೆ, 1/8ಕ್ಕಿಂತ ಕಡಿಮೆ ಆದರೆ ಉಕ್ಕುತ್ತದೆ. ಲೋಹದ ಕೈ ಇರುವ ಫ್ಲೋಟಾದರೆ ಕೈಯನ್ನು ಕೂದಲೆಳೆಯಷ್ಟು ಬಗ್ಗಿಸಿ. ಪೂರ್ತಿ ಪ್ಲಾಸ್ಟಿಕ್ಕಿನದಾದರೆ ಬಗ್ಗಿಸಲು ಬರುವುದಿಲ್ಲ, ಸೀಟಿನ ಕೆಳಗೆ ತೆಳು ವಾಷರ್ ಸೇರಿಸಿ. ಸೂಜಿ ಬೇಗ ಮುಚ್ಚಿ ಮಟ್ಟ ಇಳಿಯುತ್ತದೆ.

ಎಲ್ಲ ಸರಿಯಿದ್ದೂ ಉಕ್ಕುತ್ತಿದ್ದರೆ ಪಂಪ್ ಯಾವುದು ಎಂದು ನೋಡಿ. ಎಸ್‌ಯು ಸೂಜಿ ತಡೆಯುವುದು ಸುಮಾರು 3 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ. ಅಗ್ಗಕ್ಕೆ ಸಿಕ್ಕಿತೆಂದು ಹಾಕಿದ ಬೇರೆ ಪಂಪ್ 5–6 ಪಿಎಸ್‌ಐ ತಳ್ಳಿದರೆ ಯಾವ ಸೂಜಿಯೂ ನಿಲ್ಲದು.

3. ಬೌಲಿನ ತಳದ ನಟ್

ಬೌಲಿನಿಂದ ಜೆಟ್ಟಿಗೆ ಪೆಟ್ರೋಲ್ ಒಯ್ಯುವ ನೈಲಾನ್ ಕೊಳವೆ ಇಲ್ಲಿ ಸೇರುತ್ತದೆ. ಟಿಶ್ಯೂ ಒದ್ದೆಯಾದದ್ದು ಇಲ್ಲಿಯೇ ಆದರೆ ಒಳಗಿನ ರಬ್ಬರ್ ಗ್ಲ್ಯಾಂಡ್ (ಕೊಳವೆಯ ಸುತ್ತ ಕೂರುವ ಸೀಲ್) ಹೋಗಿದೆ. ಹಳೆಯದನ್ನು ಮತ್ತೆ ಹಾಕಬೇಡಿ. ಬೌಲನ್ನು ಬರಿದು ಮಾಡಿ ಕೊಳವೆ ಎಳೆಯಿರಿ. ಕೊಳವೆಗೆ ಮೊದಲು ನಟ್, ನಂತರ ವಾಷರ್, ಕೊನೆಗೆ ಗ್ಲ್ಯಾಂಡ್ ಏರಿಸಿ. ಗ್ಲ್ಯಾಂಡಿನಾಚೆ ಕೊಳವೆಯ ತುದಿ ಕನಿಷ್ಠ 3/16 ಇಂಚು, ಅಂದರೆ 4.8 ಮಿ.ಮೀ. ಚಾಚಿರಬೇಕು. ನಟ್ಟನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಿಂದ ಗ್ಲ್ಯಾಂಡಿನ ಕತ್ತು ಅದುಮುವಷ್ಟೇ ಬಿಗಿ ಮಾಡಿ. ಇನ್ನೂ ಬಿಗಿದರೆ ರಬ್ಬರ್ ಹಿಂಡಿಹೋಗಿ ಮೊದಲಿಗಿಂತ ಹೆಚ್ಚು ಸೋರುತ್ತದೆ.

ಸಿಲಿಕೋನ್ ಗಮ್ ಮೆತ್ತುವ ಅಡ್ಡದಾರಿ ಬೇಡ. ಪೆಟ್ರೋಲಿಗೆ ಅದು ಉಬ್ಬಿ, ಚೂರಾಗಿ, ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಜೆಟ್ಟನ್ನೇ ಬದಲಿಸುವುದಾದರೆ ಮುಂದಿನ ಮತ್ತು ಹಿಂದಿನ ಕಾರ್ಬ್ಯುರೇಟರಿನವು ಬೇರೆ ಬೇರೆ ಎಂಬುದು ನೆನಪಿರಲಿ.

4. ರಬ್ಬರ್ ಪೈಪು

ನಮ್ಮ ಬಂಕುಗಳಲ್ಲೀಗ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಬ್ರಿಟನ್ನಿನಲ್ಲೂ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲಿಗೆ ಶೇ 10ರವರೆಗೆ ಬೆರೆಸುತ್ತಾರೆ. ಹಳೆಯ ಕಾಲದ ರಬ್ಬರ್ ಇದನ್ನು ತಾಳದು. ಮೇಲೆ ‘ಆರ್9’ ಎಂದು ಅಚ್ಚಾದ ಪೈಪ್ ಹಾಕಿ.

5. ಪರೀಕ್ಷೆ

ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಳ ಮುಚ್ಚಿ, ಓವರ್‌ಫ್ಲೋ ಕೊಳವೆಗಳು ಎಕ್ಸಾಸ್ಟಿನಿಂದ ದೂರ ಇಳಿದಿವೆಯೇ ನೋಡಿ. ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಿ ಐದು ನಿಮಿಷ ಕಾಯಿರಿ. ಬಳಿಕ ಚೋಕನ್ನು ಐದಾರು ಸಲ ಪೂರ್ತಿ ಎಳೆದು ಬಿಡಿ. ಚೋಕ್ ಎಳೆದಾಗ ಜೆಟ್ ಇಳಿದು ಕೊಳವೆ ಬಾಗುತ್ತದೆ. ಸರಿಯಾಗಿ ಕೂರದ ಗ್ಲ್ಯಾಂಡ್ ಸೋರುವುದು ಆಗಲೇ. ಮತ್ತೊಮ್ಮೆ ಟಿಶ್ಯೂ ಮುಟ್ಟಿಸಿ. ಒಣಗಿದ್ದರೆ ಸ್ಟಾರ್ಟ್ ಮಾಡಿ. ಬೌಲಿನಲ್ಲಿ ತುಕ್ಕು ಕಂಡಿದ್ದರೆ ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ ಫಿಲ್ಟರ್ ಹಾಕಿ, ಟ್ಯಾಂಕನ್ನು ಇಳಿಸಿ ತೊಳೆಯುವ ಕೆಲಸವನ್ನೂ ಇಟ್ಟುಕೊಳ್ಳಿ.