ಟ್ರೆಡಿಷನಲ್ ಐಆರ್‌ಎ ಮತ್ತು ನ್ಯೂಜೆರ್ಸಿ ತೆರಿಗೆ: ನಾನು ಲೆಕ್ಕ ಇಡುವ ಬಗೆ

ಟ್ರೆಡಿಷನಲ್ ಐಆರ್‌ಎ ಎಂಬ ಸ್ವಂತ ನಿವೃತ್ತಿ ಉಳಿತಾಯ ಖಾತೆಗೆ ಹಾಕಿದ 7,000 ಡಾಲರಿಗೆ ಫೆಡರಲ್ ರಿಟರ್ನ್‌ನಲ್ಲಿ ಕಡಿತ ಸಿಕ್ಕರೆ, ಅಂದರೆ ತೆರಿಗೆ ಬೀಳುವ ಆದಾಯದಿಂದ ಅದನ್ನು ಕಳೆಯಲು ಬಿಟ್ಟರೆ, ರಾಜ್ಯದಲ್ಲೂ ಸಿಕ್ಕಂತೆಯೇ ಎಂಬುದು ಅಮೆರಿಕದ ಹೆಚ್ಚಿನ ರಾಜ್ಯಗಳ ಮಟ್ಟಿಗೆ ಸರಿ. ಆ ರಾಜ್ಯಗಳ ಲೆಕ್ಕ ಶುರುವಾಗುವುದೇ ಫೆಡರಲ್ ಎಜಿಐ ಇಂದ, ಅಂದರೆ ಕೆಲವು ಕಡಿತಗಳ ನಂತರ ಉಳಿಯುವ ಒಟ್ಟು ಆದಾಯದಿಂದ. ಫೆಡರಲ್ ರಿಟರ್ನ್‌ನ ಶೆಡ್ಯೂಲ್ 1ರ 20ನೇ ಸಾಲಿನಲ್ಲಿ ಐಆರ್‌ಎ ಕಡಿತ ಬಿದ್ದಾಗಲೇ ಎಜಿಐ ಇಳಿದಿರುತ್ತದೆ, ರಾಜ್ಯದ ರಿಟರ್ನ್‌ನಲ್ಲಿ ಬೇರೆ ಏನೂ ಮಾಡಬೇಕಿಲ್ಲ. ಇಲಿನಾಯ್ ಇನ್ನೂ ಒಂದು ಹೆಜ್ಜೆ ಮುಂದೆ: ಹಾಕುವಾಗ ರಾಜ್ಯದ 4.95% ತೆರಿಗೆ ಉಳಿಯುತ್ತದೆ, ನಿವೃತ್ತಿಯಲ್ಲಿ ತೆಗೆಯುವಾಗ ರಾಜ್ಯದ ತೆರಿಗೆಯೇ ಇಲ್ಲ.

ನ್ಯೂಜೆರ್ಸಿ ಹಾಗಲ್ಲ. ಅದರ ಆದಾಯ ತೆರಿಗೆಯ ಎನ್‌ಜೆ-1040 ಫಾರ್ಮ್ ಫೆಡರಲ್ ಎಜಿಐ ಅನ್ನು ಮುಟ್ಟುವುದೇ ಇಲ್ಲ. ಸಂಬಳ, ಬಡ್ಡಿ, ಡಿವಿಡೆಂಡ್ ಎಂದು ಒಂದೊಂದು ಬಗೆಯ ಆದಾಯವನ್ನೂ ಅದು ತನ್ನದೇ ನಿಯಮದಂತೆ ಎಣಿಸುತ್ತದೆ. ಆ ನಿಯಮದಲ್ಲಿ ಕಂಪನಿಯ ನಿವೃತ್ತಿ ಯೋಜನೆಯಾದ 401(ಕೆ)ಗೆ ಹಾಕಿದ್ದು ತೆರಿಗೆ ಬೀಳುವ ಸಂಬಳದಿಂದ ಹೊರಗೆ. ಐಆರ್‌ಎಗೆ, ಮತ್ತು ಶಾಲೆ, ಆಸ್ಪತ್ರೆ, ಸರ್ಕಾರಿ ನೌಕರರಿಗಿರುವ 403(ಬಿ), 457 ಯೋಜನೆಗಳಿಗೆ ಹಾಕಿದ್ದು ಮಾತ್ರ ತೆರಿಗೆಯ ಒಳಗೆ. 401(ಕೆ)ಗೆ ಈ ಅನುಕೂಲ ಸಿಕ್ಕಿದ್ದೂ 1984ರ ಜನವರಿ 1ರಿಂದ. ನೆರೆಯ ಪೆನ್ಸಿಲ್ವೇನಿಯಾ 401(ಕೆ)ಯ ನೌಕರರ ಪಾಲಿಗೂ ಹಾಕುವಾಗಲೇ 3.07% ಹಿಡಿಯುತ್ತದೆ, ಆದರೆ ನಿವೃತ್ತಿಯ ವಯಸ್ಸಿನಲ್ಲಿ ತೆಗೆದದ್ದನ್ನು ಪೂರ್ತಿ ಬಿಟ್ಟುಬಿಡುತ್ತದೆ. ಮ್ಯಾಸಚೂಸೆಟ್ಸ್‌ನಲ್ಲೂ ಐಆರ್‌ಎಗೆ ಕಡಿತವಿಲ್ಲ. ಒಮ್ಮೆ ತೆರಿಗೆ ಕಟ್ಟಿದ ಅಸಲನ್ನು ಹಿಂಪಡೆಯುವಾಗ ಕಳೆಯಲು ಅಲ್ಲಿ ಬೇರೆಯೇ ಲೆಕ್ಕದ ಹಾಳೆಯಿದೆ.

ಇಲ್ಲಿ ಮುಖ್ಯವಾದದ್ದು ಒಂದೇ. ನ್ಯೂಜೆರ್ಸಿಯಲ್ಲಿ ಕಡಿತ ಸಿಗದೆ ಹಾಕಿದ ಹಣ ನಿಮ್ಮ ರಾಜ್ಯದ ಅಸಲು. ತೆಗೆಯುವಾಗ ಅದರ ಮೇಲೆ ಮತ್ತೆ ತೆರಿಗೆ ಇಲ್ಲ. ಆದರೆ ಆ ಅಸಲು ಎಷ್ಟು ಎಂಬುದನ್ನು ಬ್ಯಾಂಕಾಗಲಿ, ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಆಗಲಿ, ರಾಜ್ಯವಾಗಲಿ ಬರೆದಿಡುವುದಿಲ್ಲ. ಫೆಡರಲ್‌ಗೆ ಫಾರ್ಮ್ 8606 ಇದೆ, ಕಡಿತ ಪಡೆಯದ ಅಸಲನ್ನು ವರ್ಷದಿಂದ ವರ್ಷಕ್ಕೆ ಅದು ಹೊತ್ತು ತರುತ್ತದೆ. ಕಡಿತ ಪಡೆದಿದ್ದರೆ ಫೆಡರಲ್ ಅಸಲು ಸೊನ್ನೆ, ನ್ಯೂಜೆರ್ಸಿಯದು 7,000. ಈ ಎರಡನೇ ಅಂಕಿ ಯಾವ ಫಾರ್ಮಿನಲ್ಲೂ ಕಾಣಿಸುವುದಿಲ್ಲ. ಇಪ್ಪತ್ತೈದು ವರ್ಷ ಬಿಟ್ಟು ಹುಡುಕಿದರೆ ಸಿಗುವುದೂ ಇಲ್ಲ.

ಅದಕ್ಕೆ ನಾನು ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡಿದ್ದೇನೆ, ಗಂಡನಿಗೊಂದು, ಹೆಂಡತಿಗೊಂದು. ಐಆರ್‌ಎ ಜಂಟಿ ಖಾತೆಯಲ್ಲ, ಅಸಲೂ ಜಂಟಿಯಲ್ಲ. ಅಂಕಣಗಳು ಆರು: ತೆರಿಗೆ ವರ್ಷ, ಹಣ ಹಾಕಿದ ದಿನಾಂಕ, ಮೊತ್ತ, ಅದರಲ್ಲಿ ಫೆಡರಲ್ ಕಡಿತ ಪಡೆದದ್ದು, ಈವರೆಗಿನ ಫೆಡರಲ್ ಅಸಲು, ಈವರೆಗಿನ ನ್ಯೂಜೆರ್ಸಿ ಅಸಲು. ವರ್ಷ, ದಿನಾಂಕ ಎರಡೂ ಬೇಕು. ಏಪ್ರಿಲ್ 15ರವರೆಗೆ ಹಾಕಿದ್ದನ್ನು ಹಿಂದಿನ ವರ್ಷಕ್ಕೆ ಸೇರಿಸಬಹುದಾದ್ದರಿಂದ ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಎರಡು ವರ್ಷದ ಹಣ ಬಿದ್ದಿರುತ್ತದೆ. ಖಾತೆಗೆ ಬಿದ್ದ ಹಣವನ್ನು ಬ್ಯಾಂಕ್ ವರದಿ ಮಾಡುವ ಫಾರ್ಮ್ 5498 ರಿಟರ್ನ್ ಹಾಕುವ ಹೊತ್ತಿಗೆ ಕೈಗೆ ಬಂದಿರುವುದಿಲ್ಲ, ಅದು ಬರುವುದು ಮೇ ತಿಂಗಳ ಕೊನೆಗೆ. ಹಾಗಾಗಿ ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಬರೆದು, ಜೂನ್‌ನಲ್ಲಿ 5498ರ ಜೊತೆ ತಾಳೆ ನೋಡುತ್ತೇನೆ. ಆ ಫಾರ್ಮಿನ 1ನೇ ಬಾಕ್ಸ್ ಮಾತ್ರ ಹೊಸದಾಗಿ ಹಾಕಿದ ಹಣ. 2ನೇ ಬಾಕ್ಸ್ ರೋಲ್‌ಓವರ್, ಅಂದರೆ ಬೇರೆ ನಿವೃತ್ತಿ ಖಾತೆಯಿಂದ ವರ್ಗವಾಗಿ ಬಂದ ಹಣ, ಅದನ್ನು ಈ ಅಂಕಣಕ್ಕೆ ತರಬಾರದು.

2025ನೇ ವರ್ಷಕ್ಕೆ ಮಿತಿ 7,000 ಡಾಲರ್, 50 ವರ್ಷ ತುಂಬಿದವರಿಗೆ 8,000. 2026ಕ್ಕೆ 7,500 ಮತ್ತು 8,600. ನೌಕರಿಯಲ್ಲಿ ನಿವೃತ್ತಿ ಯೋಜನೆ ಇರುವವರು ಜಂಟಿ ರಿಟರ್ನ್ ಹಾಕಿದರೆ 2025ರಲ್ಲಿ ಫೆಡರಲ್ ಕಡಿತ 1,26,000 ಡಾಲರ್ ಆದಾಯದಿಂದ ಕರಗತೊಡಗಿ 1,46,000ಕ್ಕೆ ಮುಗಿಯುತ್ತದೆ. ನಮ್ಮವರಲ್ಲಿ ಅನೇಕರ ಕಣ್ಣು ತಪ್ಪಿಸಿಕೊಳ್ಳುವುದು ಇದರ ಪಕ್ಕದ ಇನ್ನೊಂದು ಮಿತಿ. ಒಬ್ಬರಿಗೆ ಕಂಪನಿಯ ಯೋಜನೆ ಇದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ, ಉದಾಹರಣೆಗೆ ಎಚ್-4 ವೀಸಾದಲ್ಲಿ ಮನೆಯಲ್ಲಿರುವ ಪತಿಗೆ ಅಥವಾ ಪತ್ನಿಗೆ, ಅವರ ಹೆಸರಿನ ಐಆರ್‌ಎ ಕಡಿತ ಕರಗುವುದು 2,36,000ದಿಂದ 2,46,000ದ ನಡುವೆ. ಕೆಲಸ ಮಾಡುವ ಸಂಗಾತಿಯ ಸಂಬಳದ ಆಧಾರದ ಮೇಲೆ ಅವರ ಖಾತೆಗೂ ಹಣ ಹಾಕಬಹುದು. ನ್ಯೂಜೆರ್ಸಿಗೆ ಈ ಯಾವ ಮಿತಿಯ ಸಂಬಂಧವೂ ಇಲ್ಲ. ಅಲ್ಲಿ ಹೇಗಿದ್ದರೂ ಕಡಿತವಿಲ್ಲ, ಹಾಕಿದ್ದೆಲ್ಲ ಅಸಲಿನ ಅಂಕಣಕ್ಕೆ.

ಹಣ ಎಲ್ಲಿಗೆ ಹಾಕಬೇಕು ಎಂದು ನಿರ್ಧರಿಸುವಾಗ ಈ ವ್ಯತ್ಯಾಸಕ್ಕೆ ಬೆಲೆ ಇದೆ. ನ್ಯೂಜೆರ್ಸಿಯಲ್ಲಿ 1,20,000 ಡಾಲರ್ ಆದಾಯದ ದಂಪತಿಯ ಕೊನೆಯ ಡಾಲರಿಗೆ ರಾಜ್ಯದ ದರ 5.525%. ಐಆರ್‌ಎಗೆ 7,000 ಹಾಕಿದರೆ ಫೆಡರಲ್‌ನಲ್ಲಿ 12% ದರದಂತೆ 840 ಉಳಿಯುತ್ತದೆ, ರಾಜ್ಯದಲ್ಲಿ ಸೊನ್ನೆ. ಅದೇ 7,000 ಕಂಪನಿಯ 401(ಕೆ)ಗೆ ಹೋದರೆ ಆ 840ರ ಜೊತೆಗೆ ರಾಜ್ಯದಲ್ಲೂ 386.75 ಉಳಿಯುತ್ತದೆ. 401(ಕೆ)ಯ ಮಿತಿ, ಅಂದರೆ 2025ರ 23,500, ತುಂಬುವವರೆಗೆ ನಾನು ಐಆರ್‌ಎ ಕಡೆ ತಿರುಗುವುದಿಲ್ಲ. ಕಂಪನಿಯ ಯೋಜನೆಯ ಫಂಡುಗಳ ಖರ್ಚು ತೀರ ದುಬಾರಿಯಾಗಿದ್ದರೆ ಮಾತು ಬೇರೆ.

ವರ್ಷದ ಸಂಬಳದ ಲೆಕ್ಕವಾಗಿ ಕಂಪನಿ ಕೊಡುವ ಡಬ್ಲ್ಯು-2 ಫಾರ್ಮ್ ಓದುವಾಗ ಆಗುವ ತಪ್ಪೂ ಇದೇ ಬೇರಿನದು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರೊಬ್ಬರ ಡಬ್ಲ್ಯು-2 ಹೀಗಿರುತ್ತದೆ ಎನ್ನಿ: 1ನೇ ಬಾಕ್ಸ್‌ನಲ್ಲಿ (ಫೆಡರಲ್ ಲೆಕ್ಕದ ಸಂಬಳ) 52,000, 12ನೇ ಬಾಕ್ಸ್‌ನಲ್ಲಿ ‘ಇ’ ಅಕ್ಷರದ ಮುಂದೆ 6,000, 16ನೇ ಬಾಕ್ಸ್‌ನಲ್ಲಿ (ರಾಜ್ಯದ ಲೆಕ್ಕದ ಸಂಬಳ) 60,400. ‘ಇ’ ಎಂದರೆ 403(ಬಿ). ಆ 6,000ವನ್ನು ನ್ಯೂಜೆರ್ಸಿ ಮತ್ತೆ ಸಂಬಳಕ್ಕೆ ಸೇರಿಸಿದೆ. ಉಳಿದ 2,400 ತೆರಿಗೆಗೆ ಮೊದಲೇ ಸಂಬಳದಿಂದ ಕಳೆದ ಆರೋಗ್ಯ ವಿಮೆಯ ಕಂತು, ಅದಕ್ಕೂ ನ್ಯೂಜೆರ್ಸಿ ವಿನಾಯಿತಿ ಕೊಡುವುದಿಲ್ಲ. ಎರಡು ಬಾಕ್ಸ್ ತಾಳೆಯಾಗಲಿಲ್ಲವೆಂದು 16ನೇ ಬಾಕ್ಸ್ ಅನ್ನು 52,000ಕ್ಕೆ ತಿದ್ದಿ ಹಾಕಿದರೆ ರಾಜ್ಯದಿಂದ ನೋಟಿಸ್ ಬರಬಹುದು. ‘ಡಿ’ ಇದ್ದರೆ ಅದು 401(ಕೆ), ಅದು 16ರಲ್ಲಿ ಮರಳಿ ಸೇರಬಾರದು. ‘ಜಿ’ 457, ‘ಡಬ್ಲ್ಯು’ ಆರೋಗ್ಯದ ಖರ್ಚಿನ ಉಳಿತಾಯ ಖಾತೆ ಎಚ್‌ಎಸ್‌ಎ, ಇವೆರಡೂ ಸೇರುತ್ತವೆ. ಎಚ್‌ಎಸ್‌ಎ ವಿಷಯದಲ್ಲಿ ಕ್ಯಾಲಿಫೋರ್ನಿಯಾದ್ದೂ ಇದೇ ಹಟ, ಐಆರ್‌ಎ ಕಡಿತವನ್ನು ಮಾತ್ರ ಅದು ಫೆಡರಲ್‌ನಂತೆಯೇ ಕೊಡುತ್ತದೆ.

ನ್ಯೂಜೆರ್ಸಿಯಲ್ಲಿ ಮನೆ, ಫಿಲಡೆಲ್ಫಿಯಾದಲ್ಲಿ ಕೆಲಸ ಇರುವವರು ಇನ್ನೂ ಎಚ್ಚರ ವಹಿಸಬೇಕು. ಎರಡು ರಾಜ್ಯಗಳ ಒಪ್ಪಂದದಂತೆ ಸಂಬಳದ ಮೇಲಿನ ರಾಜ್ಯ ತೆರಿಗೆ ನ್ಯೂಜೆರ್ಸಿಗೆ ಮಾತ್ರ. ಆದರೆ ಪೇರೋಲ್‌ನವರು 16ನೇ ಬಾಕ್ಸ್ ಅನ್ನು ಪೆನ್ಸಿಲ್ವೇನಿಯಾದ ನಿಯಮದಂತೆ ತುಂಬಿದ್ದರೆ 401(ಕೆ) ಹಣವೂ ಅದರಲ್ಲಿ ಸೇರಿರುತ್ತದೆ. ಹಾಗೇ ರಿಟರ್ನ್ ಹಾಕಿದರೆ ಕಟ್ಟಬೇಕಿಲ್ಲದ ತೆರಿಗೆ ಕಟ್ಟಿದಂತೆ. ಜನವರಿಯಲ್ಲೇ ನೋಡಿ, ನ್ಯೂಜೆರ್ಸಿಯ ಸಂಬಳ ತೋರಿಸುವ ತಿದ್ದಿದ ಡಬ್ಲ್ಯು-2 ಕೇಳಿ ಪಡೆಯಬೇಕು.

ತೆಗೆಯುವಾಗಿನ ಲೆಕ್ಕ ನ್ಯೂಜೆರ್ಸಿಯ ಸೂಚನಾ ಪುಸ್ತಕದ ವರ್ಕ್‌ಶೀಟ್ ಸಿಯಲ್ಲಿದೆ. ಐಆರ್‌ಎಗೆ ಈವರೆಗೆ ಹಾಕಿದ ಅಸಲು 60,000, ಈ ವರ್ಷ ತೆಗೆದದ್ದು 12,000, ಡಿಸೆಂಬರ್ 31ಕ್ಕೆ ಉಳಿದದ್ದು 1,38,000 ಎಂದಿಟ್ಟುಕೊಳ್ಳಿ. ಉಳಿದದ್ದಕ್ಕೆ ತೆಗೆದದ್ದನ್ನು ಕೂಡಿಸಿದರೆ 1,50,000. ಅಸಲು ಕಳೆದರೆ ಗಳಿಕೆ 90,000, ಅಂದರೆ 60%. ತೆಗೆದ 12,000ದಲ್ಲಿ 60%, ಅಂದರೆ 7,200 ಮಾತ್ರ ತೆರಿಗೆಗೆ ಒಳಪಡುತ್ತದೆ, ಅದು ಎನ್‌ಜೆ-1040ರ 20ಎ ಸಾಲಿಗೆ. ಉಳಿದ 4,800 20ಬಿ ಸಾಲಿಗೆ. ಮುಂದಿನ ವರ್ಷಕ್ಕೆ ಉಳಿಯುವ ಅಸಲು 55,200, ಅದನ್ನು ಅಂದೇ ಸ್ಪ್ರೆಡ್‌ಶೀಟಿಗೆ ಇಳಿಸಬೇಕು. ಹಾಕಿದ್ದಕ್ಕೆಲ್ಲ ಫೆಡರಲ್ ಕಡಿತ ಪಡೆದಿದ್ದರೆ ಅಲ್ಲಿ ಇದೇ 12,000ವೂ ಪೂರ್ತಿ ತೆರಿಗೆಗೆ ಸೇರುತ್ತದೆ. ಅದೇ ಕಾರಣಕ್ಕೆ ತೆರಿಗೆಯ ಸಾಫ್ಟ್‌ವೇರ್ ತೆಗೆದ ಹಣವನ್ನು ಬ್ಯಾಂಕ್ ವರದಿ ಮಾಡುವ ಫಾರ್ಮ್ 1099-ಆರ್‌ನ 2ಎ ಬಾಕ್ಸ್‌ನ ಅಂಕಿಯನ್ನೇ (ಫೆಡರಲ್ ತೆರಿಗೆಗೆ ಒಳಪಡುವ ಮೊತ್ತ) ರಾಜ್ಯಕ್ಕೂ ಎಳೆದು ತರುತ್ತದೆ. ಅಸಲು ಎಷ್ಟೆಂದು ನೀವಾಗಿ ತುಂಬದ ಹೊರತು ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಹಳೆಯ ಕಂಪನಿಯ 401(ಕೆ)ಯನ್ನು ಇದೇ ಐಆರ್‌ಎಗೆ ರೋಲ್‌ಓವರ್ ಮಾಡಿದರೆ ಈ ಲೆಕ್ಕ ತೆಳುವಾಗುತ್ತದೆ. ಮೇಲಿನ ಉದಾಹರಣೆಗೆ 1,50,000 ಡಾಲರ್ 401(ಕೆ) ಹಣ ಬೆರೆತಿದೆ ಎನ್ನಿ. ಒಟ್ಟು 3,00,000, ಅಸಲು ಅದೇ 60,000, ಗಳಿಕೆಯ ಪಾಲು 80%. ಆಗ 12,000ದಲ್ಲಿ 9,600ಕ್ಕೆ ತೆರಿಗೆ, ಬಿಡುಗಡೆ 2,400 ಮಾತ್ರ. ಅಸಲು ಕಳೆದುಹೋಗುವುದಿಲ್ಲ, ಕೈಗೆ ಬರುವುದು ನಿಧಾನವಾಗುತ್ತದೆ. ರೋಲ್‌ಓವರ್‌ಗೆ ನಾನು ಬೇರೆಯೇ ಐಆರ್‌ಎ ಖಾತೆ ತೆರೆಯುವುದು ಇದಕ್ಕೆ. ಎಲ್ಲ ಐಆರ್‌ಎಗಳನ್ನು ಕೂಡಿಸಿ ಒಂದೇ ವರ್ಕ್‌ಶೀಟ್ ಮಾಡಲೂ, ಒಂದೊಂದಕ್ಕೂ ಬೇರೆ ಬೇರೆ ಮಾಡಲೂ ನ್ಯೂಜೆರ್ಸಿ ಬಿಡುತ್ತದೆ. ಫೆಡರಲ್‌ನಲ್ಲಿ ಆ ಆಯ್ಕೆ ಇಲ್ಲ, 8606ರಲ್ಲಿ ಎಲ್ಲವೂ ಒಂದೇ ಮಡಕೆಗೆ. 403(ಬಿ)ಯಿಂದ ನೇರವಾಗಿ ತೆಗೆಯುವುದಕ್ಕೆ ವರ್ಕ್‌ಶೀಟ್ ಸಿ ಬಳಸಬಾರದು, ಅದಕ್ಕೆ ಪಿಂಚಣಿಯ ನಿಯಮಗಳೇ ಬೇರೆ.

ಬೆಂಗಳೂರಿಗೋ ಮೈಸೂರಿಗೋ ಮರಳುವ ಯೋಚನೆ ಇರುವವರು ಇನ್ನೊಂದು ಕಾನೂನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1996ರ ಜನವರಿಯಲ್ಲಿ ಬಂದ ಫೆಡರಲ್ ಕಾನೂನಿನಂತೆ, ತನ್ನ ನಿವಾಸಿಯಲ್ಲದವರ ನಿವೃತ್ತಿ ಆದಾಯದ ಮೇಲೆ ಯಾವ ರಾಜ್ಯವೂ ತೆರಿಗೆ ಹಾಕುವಂತಿಲ್ಲ. ನ್ಯೂಜೆರ್ಸಿಯಲ್ಲಿ ದುಡಿದು 401(ಕೆ)ಗೆ ಹಾಕಿದವರಿಗೆ ಇದರಿಂದ ಪೂರ್ತಿ ಲಾಭ: ಹಾಕುವಾಗಲೂ ರಾಜ್ಯದ ತೆರಿಗೆ ಇಲ್ಲ, ಊರಿಗೆ ಹೋಗಿ ತೆಗೆಯುವಾಗಲೂ ಇಲ್ಲ. ಐಆರ್‌ಎಗೆ ಹಾಕಿದವರು ಹಾಕುವಾಗಲೇ ತೆರಿಗೆ ಕೊಟ್ಟಾಗಿದೆ, ಅದನ್ನು ಯಾರೂ ಹಿಂತಿರುಗಿಸುವುದಿಲ್ಲ. ವರ್ಷಗಟ್ಟಲೆ ಕಾಪಾಡಿದ ಅಸಲಿನ ಅಂಕಣ ಅಲ್ಲಿಗೆ ಕೆಲಸಕ್ಕೆ ಬಾರದು. ಟೆಕ್ಸಾಸಿಗೋ ಫ್ಲಾರಿಡಾಕ್ಕೋ ಹೋಗುವವರ ಕತೆಯೂ ಇದೇ.

ವಿಮಾನ ಹತ್ತಿದ ಮಾತ್ರಕ್ಕೆ ನಿವಾಸಿಯಲ್ಲ ಎಂದಾಗುವುದಿಲ್ಲ. ನ್ಯೂಜೆರ್ಸಿ ನಿಮ್ಮ ಕಾಯಂ ಊರು ಎಂದು ಒಮ್ಮೆ ಎಣಿಸಿದ ಮೇಲೆ ಆ ವರ್ಷ ಅಲ್ಲಿ ಶಾಶ್ವತ ಮನೆ ಇಟ್ಟುಕೊಂಡಿರಬಾರದು, ಹೊರಗೆ ಶಾಶ್ವತ ಮನೆ ಇರಬೇಕು, ರಾಜ್ಯದೊಳಗೆ ಕಳೆದ ದಿನಗಳು 30 ದಾಟಬಾರದು. ಈ ಮೂರೂ ಕೂಡಿದರೆ ಆ ವರ್ಷಕ್ಕೆ ನೀವು ನಿವಾಸಿಯಲ್ಲ. ಆದ್ದರಿಂದ ದೊಡ್ಡ ಮೊತ್ತ ತೆಗೆಯುವುದನ್ನು ಊರಿಗೆ ಹೊರಡುವ ವರ್ಷದಲ್ಲಿ ಇಟ್ಟುಕೊಳ್ಳದೆ ಅದರ ಮುಂದಿನ ಕ್ಯಾಲೆಂಡರ್ ವರ್ಷಕ್ಕೆ ತಳ್ಳುವುದು ಒಳ್ಳೆಯದು. ಮನೆ ಮಾರಿದ ಅಥವಾ ಬಾಡಿಗೆ ಕರಾರು ಮುಗಿಸಿದ ಕಾಗದ, ಪಾಸ್‌ಪೋರ್ಟಿನ ಮುದ್ರೆಗಳ ಪ್ರತಿ, ಕೊನೆಯ ವರ್ಷದ ಎನ್‌ಜೆ-1040, ಇವನ್ನೆಲ್ಲ ಸ್ಪ್ರೆಡ್‌ಶೀಟ್ ಇರುವ ಫೋಲ್ಡರಿನಲ್ಲೇ ಇಡಿ. ಮರಳಿ ಅದೇ ರಾಜ್ಯಕ್ಕೆ ಬಂದು ನೆಲೆಸಿದರೆ ಆ ಅಸಲಿನ ಅಂಕಣ ಮತ್ತೆ ಬೇಕಾಗುತ್ತದೆ.