ಜೂನ್ ಬಂತು, ಪಕ್ಕದ ಮನೆಗೆ ಒಂದು ಮಗು ಬಂದಿದೆ: ನಾವು ಏನು ಮಾಡಬಹುದು?

ಮೇ ಕೊನೆಯ ವಾರ ಬಂತೆಂದರೆ ಅಂಗಡಿಗಳ ಮುಂದೆ ಬ್ರೌನ್ ಶೀಟು, ಲೇಬಲ್ಲು, ಜಾಮಿಟ್ರಿ ಬಾಕ್ಸುಗಳ ರಾಶಿ. ಕೆಲವು ವರ್ಷಗಳ ಹಿಂದೆ ಇದೇ ಹೊತ್ತಿನಲ್ಲಿ ನಮ್ಮ ಬೀದಿಯ ಒಂದು ಮನೆಯಲ್ಲಿ ಕೂತು ನೋಟ್‌ಬುಕ್ಕುಗಳಿಗೆ ರಟ್ಟು ಹಾಕುತ್ತಿದ್ದೆ. ಆ ಮನೆಗೆ ತಿಂಗಳ ಹಿಂದಷ್ಟೇ 9 ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಲೇಬಲ್ ಮೇಲೆ ದುಂಡಗೆ ತನ್ನ ಹೆಸರು ಬರೆದಳು. ಪೆನ್ನು ಅಲ್ಲೇ ನಿಂತಿತು.

‘ಟೀಚರ್, ಇನಿಷಿಯಲ್ ಯಾವುದು ಹಾಕ್ಲಿ?’

ನನಗೆ ಏನು ಹೇಳಬೇಕೋ ತೋಚಲಿಲ್ಲ. ಒಳಗಿನಿಂದ ಅವಳನ್ನು ನೋಡಿಕೊಳ್ಳುತ್ತಿದ್ದ ತಾಯಿಯೇ ಹೇಳಿದರು. ‘ನಿಂದೇ ಹಾಕು ಪುಟ್ಟಿ. ಯಾವಾಗ್ಲೂ ಬರೀತಿದ್ದೆಯಲ್ಲ, ಅದನ್ನೇ.’

ಹೀಗೆ ಫಾಸ್ಟರ್ ಕೇರ್‌ನಲ್ಲಿ ಬೇರೆಯವರ ಮಗುವನ್ನು ನೋಡಿಕೊಳ್ಳುವ ಮನೆಗೆ ಶಾಲೆ ಶುರುವಾಗುವ ಹೊತ್ತು ಬಲು ಭಾರದ್ದು. ಆ ಭಾರದಲ್ಲಿ ಒಂದಿಷ್ಟನ್ನು ಅಕ್ಕಪಕ್ಕದವರು, ನೆಂಟರು, ಮೇಷ್ಟ್ರು-ಮೇಡಂಗಳು ಹೊತ್ತುಕೊಳ್ಳಬಹುದು. ಹೇಗೆ ಅನ್ನುವುದನ್ನು 20 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು: ಇದು ಏನು ಅಂತ ತಿಳಿದುಕೊಳ್ಳಿ

ಫಾಸ್ಟರ್ ಕೇರ್ ಅಂದರೆ ದತ್ತು ಅಲ್ಲ. ಸದ್ಯಕ್ಕೆ ಹುಟ್ಟಿದ ಮನೆಯಲ್ಲಿ ಇರಲಾಗದ ಮಗುವನ್ನು ಬಾಲಮಂದಿರದಲ್ಲಿ ಇಡುವ ಬದಲು ಒಂದು ಕುಟುಂಬದ ಜೊತೆ ಇರಿಸುವ ವ್ಯವಸ್ಥೆ ಇದು. ಇಲಾಖೆಯ ಕಾಗದಗಳಲ್ಲಿ ಇದನ್ನು ಪೋಷಕತ್ವ ಅನ್ನುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್‌ನಲ್ಲಿ ಇದು ಇದೆ. ಮಗುವನ್ನು ಯಾವ ಮನೆಯಲ್ಲಿ ಇರಿಸಬೇಕು ಅಂತ ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಮನೆ ನೋಡಿ, ವಿಚಾರಿಸಿ, ಆಮೇಲೂ ಬಂದು ಹೋಗಿ ಮಾಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ.

ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಬೆಳೆಯುವ ಮಕ್ಕಳು ನಮ್ಮಲ್ಲಿ ಜಾಸ್ತಿ. ಕಾನೂನಿನ ಲೆಕ್ಕದಲ್ಲಿ ಅದು ಫಾಸ್ಟರ್ ಕೇರ್ ಅಲ್ಲ. ಆದರೆ ಅಂಥ ಮನೆಗಳಿಗೂ ಪ್ರಾಯೋಜಕತ್ವ ಅನ್ನುವ ಯೋಜನೆಯಲ್ಲಿ ನೆರವು ಸಿಗುವ ದಾರಿ ಇದೆ. ಮಕ್ಕಳ ರಕ್ಷಣೆಗೆ ಇರುವ ಕೇಂದ್ರ ಸರಕಾರದ ಯೋಜನೆ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಪೋಷಕತ್ವ, ಪ್ರಾಯೋಜಕತ್ವ ಎರಡಕ್ಕೂ ಒಂದು ಮಗುವಿಗೆ ತಿಂಗಳಿಗೆ 4000 ರೂಪಾಯಿ ಅಂತ ನಿಗದಿಯಾಗಿದೆ. ವಯಸ್ಸಾದ ಅಜ್ಜಿಗೆ ಇದು ಗೊತ್ತೇ ಇರುವುದಿಲ್ಲ. ಜಿಲ್ಲಾ ಘಟಕದ ಕಚೇರಿಗೆ ಅವರನ್ನು ಒಮ್ಮೆ ಕರೆದುಕೊಂಡು ಹೋಗಿ ಬಂದರೆ ಅದೇ ದೊಡ್ಡ ಉಪಕಾರ.

ಇನ್ನೊಂದು ಮಾತು. ‘ಅನಾಥ’, ‘ತಬ್ಬಲಿ’ ಅನ್ನುವ ಮಾತು ಬಿಟ್ಟುಬಿಡಿ. ಇಂಥ ಎಷ್ಟೋ ಮಕ್ಕಳಿಗೆ ಹೆತ್ತವರು ಇದ್ದಾರೆ. ಕಾಯಿಲೆ, ಜೈಲು, ಕುಡಿತ, ಮನೆಯ ಜಗಳ, ಹೀಗೆ ಒಂದೊಂದು ಮಗುವಿಗೆ ಒಂದೊಂದು ಕಾರಣ. ಆ ಕಾರಣ ನಮಗೆ ಗೊತ್ತಾಗಬೇಕಾದ್ದಿಲ್ಲ.

ಎರಡನೆಯದು: ಕಾಗದ ಪತ್ರಕ್ಕೆ ಜೊತೆಯಾಗಿ

ಜೂನ್‌ನಲ್ಲಿ ಈ ಮನೆಗಳು ಹೆಚ್ಚು ಒದ್ದಾಡುವುದು ಇಲ್ಲೇ. ಮಗು ಬೇರೆ ಊರಿನಿಂದ ಬಂದಿರುತ್ತದೆ. ಟಿಸಿ ಹಳೆಯ ಶಾಲೆಯಲ್ಲಿ. ಜನನ ಪ್ರಮಾಣಪತ್ರ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ‘ಎಲ್ಲ ತಗೊಂಡು ಬನ್ನಿ, ಆಮೇಲೆ ನೋಡೋಣ’ ಅಂತ ಶಾಲೆ ವಾಪಸ್ ಕಳಿಸುತ್ತದೆ. ಅಷ್ಟರಲ್ಲಿ ಹದಿನೈದು ದಿನದ ಪಾಠ ಮುಂದೆ ಹೋಗಿರುತ್ತದೆ.

ಹೀಗೆ ವಾಪಸ್ ಕಳಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ವಿಷಯದಲ್ಲಿ ಇದನ್ನು ಬಿಡಿಸಿ ಹೇಳಿದೆ. ಟಿಸಿ ತಡವಾಯಿತು ಅಂತ ದಾಖಲಾತಿ ತಡೆಯುವಂತಿಲ್ಲ (ಸೆಕ್ಷನ್ 5). ವಯಸ್ಸಿನ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ (ಸೆಕ್ಷನ್ 14). ಶಾಲೆಯೇ ಬಿಟ್ಟುಹೋಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು (ಸೆಕ್ಷನ್ 4). ಈ ಮೂರು ಸೆಕ್ಷನ್ನುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಆ ತಾಯಿಯ ಜೊತೆ ಶಾಲೆಗೆ ಹೋಗಿ. ಜಗಳಕ್ಕೆ ಹೋಗಬೇಡಿ. ಹೆಡ್‌ಮಾಸ್ಟರಿಗೂ ಎಷ್ಟೋ ಸಲ ಇದು ನೆನಪಿರುವುದಿಲ್ಲ. ನಿಧಾನವಾಗಿ ತೋರಿಸಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ ಇದ್ದೇ ಇದೆ. ಹಳೆಯ ಶಾಲೆಯಿಂದ ಮಗುವಿನ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಸಿಕ್ಕಿದರೆ ಮಗುವಿನ ದಾಖಲೆ ಹುಡುಕುವುದು ಸುಲಭ. ಒಂದು ಫೋನ್ ಮಾಡಿ ಅದನ್ನು ತರಿಸಿಕೊಡುವುದೂ ಸಹಾಯವೇ.

ಅರ್ಜಿ ತುಂಬುವಾಗ ಒಂದು ಎಚ್ಚರ. ತಂದೆ, ತಾಯಿಯ ಹೆಸರಿನ ಜಾಗದಲ್ಲಿ ಹೆತ್ತವರ ಹೆಸರೇ ಇರಲಿ. ಈಗ ನೋಡಿಕೊಳ್ಳುತ್ತಿರುವವರ ಹೆಸರು ಪೋಷಕರ (ಗಾರ್ಡಿಯನ್) ಕಾಲಂನಲ್ಲಿ ಬರಬೇಕು. ಜೊತೆಗೆ ಸಮಿತಿಯ ಆದೇಶದ ಪ್ರತಿ ಕೊಡಬೇಕು. ಪ್ರೀತಿಯಿಂದಲೇ ಆದರೂ ‘ನಮ್ಮ ಹೆಸರೇ ಹಾಕಿಬಿಡೋಣ, ಮಗುವಿಗೆ ಬೇಜಾರಾಗಲ್ಲ’ ಅಂದುಕೊಳ್ಳುವವರು ಇದ್ದಾರೆ. ಈಗ ಶಾಲೆಯ ದಾಖಲೆಗೆ ಹೋದದ್ದೇ ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಬರುತ್ತದೆ. ಅದನ್ನು ಆಮೇಲೆ ತಿದ್ದಿಸಲು ಓಡಾಡುವವಳು ಆ ಹುಡುಗಿಯೇ. ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ, ಎರಡನ್ನೂ ಆಧಾರ್ ಜೊತೆ ಇಟ್ಟು ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ನಮ್ಮ ಶಾಲೆಗಳಲ್ಲಿ ಹೆತ್ತವರನ್ನೂ ಪೋಷಕರು ಅಂತಲೇ ಕರೆಯುತ್ತೇವಲ್ಲ, ಅದು ನನಗೆ ಬಹಳ ಇಷ್ಟ. ಪೋಷಕರ ಸಭೆಗೆ ಯಾರು ಬಂದರೂ ಅವರು ಪೋಷಕರೇ. ಆ ಮಾತೊಂದರಲ್ಲಿ ಈ ಮಕ್ಕಳಿಗೂ ಜಾಗ ಇದೆ.

ಮೂರನೆಯದು: ಸಾಮಾನು ಕೊಡಿಸುವ ಮುಂಚೆ ಕೇಳಿ

ಸರಕಾರಿ ಶಾಲೆಯಾದರೆ ಪಠ್ಯಪುಸ್ತಕ, ಸಮವಸ್ತ್ರ ಉಚಿತ. ಶೂ, ಸಾಕ್ಸ್ ಕೊಡುವ ಯೋಜನೆಯೂ ಇದೆ. ಆದರೆ ಎಲ್ಲವೂ ಶಾಲೆ ತೆರೆದ ದಿನವೇ ಕೈಗೆ ಬರುತ್ತದೆ ಅಂತಿಲ್ಲ. ನೋಟ್‌ಬುಕ್, ಬ್ಯಾಗು, ಛತ್ರಿ, ಟಿಫಿನ್ ಡಬ್ಬಿ, ಆಟೋ ಅಥವಾ ವ್ಯಾನಿನ ದುಡ್ಡು ಮನೆಯವರದ್ದೇ. ತಿಂಗಳ 4000 ರೂಪಾಯಿ ಕೂಡ ಕೆಲವು ಸಲ ತಡವಾಗಿ ಬರುತ್ತದೆ.

ಹಾಗಂತ ಬೀದಿಯವರೆಲ್ಲ ಸೇರಿ ಆರು ಬ್ಯಾಗು ತಂದುಕೊಟ್ಟರೆ ಏನು ಪ್ರಯೋಜನ? ನಾನು ಕಂಡ ಒಂದು ಮನೆಗೆ ಮೂರು ಜಾಮಿಟ್ರಿ ಬಾಕ್ಸ್ ಬಂದವು, ಛತ್ರಿ ಒಂದೂ ಇಲ್ಲ. ಮೊದಲು ಆ ತಾಯಿಯನ್ನು ಕೇಳಿ. ‘ಏನಾದ್ರೂ ಬೇಕಿದ್ರೆ ಹೇಳಿ’ ಅಂದರೆ ಯಾರೂ ಬಾಯಿಬಿಡುವುದಿಲ್ಲ. ‘ಟೈಲರ್ ಹತ್ರ ಹೋಗ್ತಿದೀನಿ, ಇವಳ ಯೂನಿಫಾರ್ಮ್ ಅಳತೆನೂ ಕೊಟ್ಟು ಬರ್ಲಾ?’ ಅಂತ ಕೆಲಸ ಹೆಸರಿಸಿ ಕೇಳಿ. ಆಗ ಹೂಂ ಅನ್ನುವುದು ಸುಲಭ.

ಮಲೆನಾಡು, ಕರಾವಳಿಯಲ್ಲಾದರೆ ಇನ್ನೊಂದು ಜೊತೆ ಯೂನಿಫಾರ್ಮ್ ಇದ್ದರೆ ಅದರಷ್ಟು ಉಪಯೋಗ ಬೇರೆಯದಿಲ್ಲ. ಜೂನ್ ಮಳೆಯಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಹಸಿ ಬಟ್ಟೆ ಹಾಕಿಕೊಂಡು ಹೊಸ ಶಾಲೆಯಲ್ಲಿ ಕೂರುವ ಮಗುವಿನ ಮನಸ್ಸು ಪಾಠದ ಕಡೆ ಇರುವುದು ಹೇಗೆ?

ಆ ಮನೆಯಲ್ಲಿ ಅವರದೇ ಮಕ್ಕಳಿದ್ದರೆ ಅವರನ್ನು ಮರೆಯಬೇಡಿ. ಮನೆ, ಕೋಣೆ, ಅಮ್ಮನ ಪಕ್ಕದ ಜಾಗ ಎಲ್ಲವನ್ನೂ ಹಂಚಿಕೊಂಡವರು ಅವರು. ಬಂದವರೆಲ್ಲ ಹೊಸ ಮಗುವನ್ನೇ ಮಾತಾಡಿಸಿ, ಅದಕ್ಕೇ ಉಡುಗೊರೆ ಕೊಟ್ಟು ಹೋದರೆ ಆ ಮಗನಿಗೆ ಹೇಗಾಗಬೇಡ? ಪೆನ್ನು ತಂದರೆ ಇಬ್ಬರಿಗೂ ತನ್ನಿ. ಒಂದು ಸಂಜೆ ಅವನನ್ನು ಮಾತ್ರ ಕ್ರಿಕೆಟ್ ಆಡಲು ಕರೆದುಕೊಂಡು ಹೋಗಿ.

ಫೋಟೋ ಬೇಡ. ಬ್ಯಾಗು ಕೊಡುವ ಫೋಟೋ, ಮೊದಲ ದಿನದ ಫೋಟೋ, ಯಾವುದನ್ನೂ ವಾಟ್ಸಾಪ್ ಗ್ರೂಪಿಗೂ ಫೇಸ್‌ಬುಕ್ಕಿಗೂ ಹಾಕಬೇಡಿ. ಮಗುವಿನ ಹೆಸರು, ವಿಳಾಸ, ಶಾಲೆ ಗೊತ್ತಾಗುವ ಹಾಗೆ ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಕಾನೂನು ಇಲ್ಲದಿದ್ದರೂ ಇದು ಬೇಡ. ಮಾರನೇ ದಿನ ತರಗತಿಯ ಯಾವನೋ ಹುಡುಗ ‘ನಿಂಗೆ ಬ್ಯಾಗ್ ದಾನ ಕೊಟ್ರಂತೆ’ ಅಂದರೆ ಆ ಬ್ಯಾಗನ್ನು ಅವಳು ಮತ್ತೆ ಹೆಗಲಿಗೆ ಹಾಕುತ್ತಾಳಾ?

ನಾಲ್ಕನೆಯದು: ಮೇಷ್ಟ್ರು, ಮೇಡಂಗಳಿಗೆ

ಇದನ್ನು ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ನಾಲ್ಕನೇ ತರಗತಿಯ ಪರಿಸರ ಅಧ್ಯಯನಕ್ಕೆ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಜೊತೆಗೆ ಚಿಕ್ಕಂದಿನ ಒಂದು ಫೋಟೋ. ಒಬ್ಬ ಹುಡುಗ ಮೂರು ದಿನ ಶಾಲೆಗೆ ಬರಲಿಲ್ಲ. ಅವನ ಹತ್ತಿರ ಆ ಫೋಟೋ ಇರಲಿಲ್ಲ. ಮರದ ಯಾವ ಕೊಂಬೆಯಲ್ಲಿ ಯಾರನ್ನು ಬರೆಯಬೇಕು ಅಂತಲೂ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ, ಹಾಜರಿ ಪುಸ್ತಕದಲ್ಲಿ ಗೈರು ಹಾಕಿದೆ. ಈಗಲೂ ಅದು ನೆನಪಾದರೆ ಸಂಕಟವಾಗುತ್ತದೆ.

ಆಮೇಲಿನ ವರ್ಷಗಳಲ್ಲಿ ಇಡೀ ತರಗತಿಗೇ ಪ್ರಶ್ನೆ ಬದಲಿಸಿದೆ. ‘ನಿಮ್ಮನ್ನು ನೋಡಿಕೊಳ್ಳುವವರು ಯಾರ್ಯಾರು? ಅವರಿಂದ ನೀವು ಏನು ಕಲಿತಿರಿ?’ ಮಕ್ಕಳು ಅಜ್ಜಿಯನ್ನು ಬರೆದರು, ಅಂಗನವಾಡಿ ಟೀಚರನ್ನು ಬರೆದರು, ಬಿಸಿಯೂಟದ ಅಕ್ಕನನ್ನೂ ಬರೆದರು. ಯಾರನ್ನೂ ಬೇರೆ ಮಾಡುವ ಅಗತ್ಯ ಬರಲಿಲ್ಲ.

‘ನಾಳೆ ಅಪ್ಪನ್ನ ಕರ್ಕೊಂಡು ಬಾ’ ಅನ್ನುವ ಬದಲು ‘ಮನೆಯಿಂದ ಯಾರಾದ್ರೂ ಬರ್ಲಿ’ ಅನ್ನಿ. ಮನೆಯವರನ್ನು ಮಗು ಏನೆಂದು ಕರೆಯುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ. ಕೆಲವರು ಅಮ್ಮ ಅನ್ನುತ್ತಾರೆ, ಕೆಲವರು ಆಂಟಿ, ದೊಡ್ಡಮ್ಮ. ಅದನ್ನೇ ನೀವೂ ಬಳಸಿ. ಸಮಿತಿಯ ಮುಂದೆ ಹಾಜರಾಗುವ ದಿನವೋ ಹೆತ್ತವರನ್ನು ಕಾಣುವ ದಿನವೋ ಮಗು ರಜೆ ಹಾಕಿದರೆ ತರಗತಿಯ ಮುಂದೆ ಕಾರಣ ಕೇಳಬೇಡಿ. ಹೀಗೆ ಹೋಗಿ ಬಂದ ಮಾರನೇ ದಿನ ಮಗು ಮಂಕಾಗಿರಬಹುದು, ಜಗಳವಾಡಬಹುದು. ಸುಮ್ನೆ ಸ್ವಲ್ಪ ಬಿಟ್ಟುಬಿಡಿ.

ಹಿಂದಿನ ತರಗತಿಯ ಕಲಿಕೆಯನ್ನು ಪರೀಕ್ಷಿಸಿ ಬಿಟ್ಟುಹೋದದ್ದನ್ನು ಹೇಳಿಕೊಡುವ ಜೂನ್‌ನ ಸೇತುಬಂಧ ಈ ಮಕ್ಕಳಿಗೆ ಒಳ್ಳೆಯ ಅವಕಾಶ. ಮನೆ ಬದಲಾದ ಗಲಾಟೆಯಲ್ಲಿ ತಿಂಗಳುಗಟ್ಟಲೆ ಶಾಲೆ ತಪ್ಪಿರುತ್ತದೆ. ಐದನೇ ತರಗತಿಯ ಮಗುವಿಗೆ ಒತ್ತಕ್ಷರ ಬರುವುದಿಲ್ಲ, ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದು ಗೊತ್ತಿಲ್ಲ. ‘ದಡ್ಡಿ’ ಅಂತ ಹೆಸರಿಟ್ಟುಬಿಡುವುದು ಸುಲಭ. ಆದರೆ ಸೇತುಬಂಧದ ಶುರುವಿನಲ್ಲಿ ಮಾಡುವ ನೈದಾನಿಕ ಪರೀಕ್ಷೆಯನ್ನು ಗಮನವಿಟ್ಟು ನೋಡಿದರೆ ಎಲ್ಲಿ ಪಾಠ ನಿಂತುಹೋಗಿದೆ ಅಂತ ಕಾಣುತ್ತದೆ. ಅದನ್ನು ಎರಡು ಸಾಲಿನಲ್ಲಿ ಬರೆದು ಮನೆಗೆ ಕಳಿಸಿ. ಎಲ್ಲಿಂದ ಹೇಳಿಕೊಡಬೇಕು ಅಂತ ಗೊತ್ತಾದರೆ ಮನೆಯವರೂ ಕೂರುತ್ತಾರೆ.

ಬ್ಯಾಗಿನಲ್ಲಿ ಚಪಾತಿ, ಬಿಸ್ಕೆಟ್ ಬಚ್ಚಿಟ್ಟಿದ್ದು ಕಂಡರೆ ಬೈಯಬೇಡಿ. ಹಸಿವನ್ನು ಕಂಡ ಮಗು ನಾಳೆಗೆ ಅಂತ ಎತ್ತಿಡುತ್ತದೆ. ‘ನಾಳೆನೂ ಊಟ ಇರುತ್ತೆ’ ಅಂತ ಮೆಲ್ಲಗೆ ಹೇಳಿ, ಮನೆಯವರಿಗೆ ತಿಳಿಸಿ.

ಐದನೆಯದು: ಸಂಜೆ ನಾಲ್ಕೂವರೆಯ ಗೇಟು

ಶಾಲೆ ಬಿಡುವ ಬೆಲ್ ಎಲ್ಲ ಮಕ್ಕಳಿಗೂ ಖುಷಿ. ಒಮ್ಮೆ ಬಿಟ್ಟುಹೋದವರು ಮತ್ತೆ ಬರದೆ ಇದ್ದದ್ದನ್ನು ಕಂಡ ಮಗುವಿಗೆ ಮಾತ್ರ ಅದು ಭಯದ ಹೊತ್ತು. ‘ಇವತ್ತು ಬರ್ತಾರಾ?’ ಐದು ನಿಮಿಷ ತಡವಾದರೂ ಅದಕ್ಕೆ ಜೀವ ಬಾಯಿಗೆ ಬಂದಿರುತ್ತದೆ. ಮೊದಲ ತಿಂಗಳು ಬೆಲ್ ಹೊಡೆಯುವ 10 ನಿಮಿಷ ಮುಂಚೆ, ದಿನಾ ಅದೇ ಮುಖ, ದಿನಾ ಅದೇ ಮರದ ಕೆಳಗೆ ಇರಬೇಕು.

ಕೆಲಸಕ್ಕೆ ಹೋಗುವ ತಾಯಿಗೆ ಇದು ಕಷ್ಟ. ನೀವು ನಿಮ್ಮ ಮಗಳನ್ನು ಕರೆತರಲು ಹೇಗೂ ಹೋಗುತ್ತೀರಿ ಅಂತಾದರೆ ವಾರಕ್ಕೆ ಎರಡು ದಿನ ಒಪ್ಪಿಕೊಳ್ಳಿ. ಯಾವ ದಿನ ಯಾರು ಅಂತ ಮಗುವಿಗೆ ಬೆಳಿಗ್ಗೆಯೇ ಹೇಳಿರಬೇಕು. ಕರೆದೊಯ್ಯುವವರ ಹೆಸರು, ಫೋನ್ ನಂಬರ್ ಶಾಲೆಯಲ್ಲಿ ಬರೆಸಿರಬೇಕು. ಒಪ್ಪಿಕೊಂಡ ಮೇಲೆ ತಪ್ಪಿಸಬೇಡಿ. ಆಗದಿದ್ದರೆ ಮೊದಲೇ ಬೇಡ ಅನ್ನಿ, ಅದರಲ್ಲಿ ಬೇಜಾರಿಲ್ಲ. ರಾತ್ರಿ ನಿಮ್ಮ ಮನೆಯಲ್ಲಿ ಉಳಿಸಿಕೊಳ್ಳುವ ಮಾತು ಬಂದರೆ ಮಾತ್ರ ಜಿಲ್ಲಾ ಘಟಕದವರನ್ನು ಕೇಳಿಯೇ ಮುಂದುವರಿಯಿರಿ.

ಮಗುವಿಗೆ ಯಾರಿಂದಲಾದರೂ ತೊಂದರೆ ಆಗುತ್ತಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅದು ಆ ಮನೆಯೊಳಗೇ ಇದ್ದರೂ ಸರಿ. ಸ್ನೇಹಕ್ಕೆ ಕಟ್ಟುಬಿದ್ದು ಸುಮ್ಮನಿರಬೇಡಿ.

ಆಮೇಲೆ

ನಾವೂ ಹೀಗೆ ಮಗುವನ್ನು ನೋಡಿಕೊಳ್ಳಬಹುದಾ ಅಂತ ಯೋಚಿಸುವವರಿಗೆ ಒಂದು ವಿಷಯ. ಫಾಸ್ಟರ್ ಕೇರ್‌ಗೆ ಕೇಂದ್ರ ಸರಕಾರ ತಂದ 2024ರ ಮಾರ್ಗಸೂಚಿಯಲ್ಲಿ ಮದುವೆಯಾಗದವರು, ವಿಚ್ಛೇದನ ಪಡೆದವರು, ಸಂಗಾತಿಯನ್ನು ಕಳೆದುಕೊಂಡವರಿಗೂ ಅವಕಾಶ ಇದೆ. ಒಂಟಿ ಗಂಡಸಾದರೆ ಗಂಡುಮಗುವನ್ನು ಮಾತ್ರ. ಸಾಮಾನ್ಯವಾಗಿ 6 ವರ್ಷ ದಾಟಿದ ಮಕ್ಕಳು ಬರುತ್ತಾರೆ, ಅಂದರೆ ಶಾಲೆಗೆ ಹೋಗುವ ಮಕ್ಕಳೇ. ವಿಚಾರಿಸಬೇಕಾದ್ದು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ.

ಉಳಿದವರಿಗೆ ನನ್ನದೊಂದು ಬೇಡಿಕೆ. ಜೂನ್ ಮೊದಲ ವಾರ ಎಲ್ಲರೂ ಬರುತ್ತಾರೆ. ಜುಲೈ ಹೊತ್ತಿಗೆ ಯಾರೂ ಇರುವುದಿಲ್ಲ. ಆಗಲೇ ಮೊದಲ ಎಫ್‌ಎ ಪರೀಕ್ಷೆ, ಆಗಲೇ ಮಳೆಯ ಜ್ವರ, ಆಗಲೇ ‘ನಂಗೆ ನಮ್ಮೂರಿಗೆ ಹೋಗ್ಬೇಕು’ ಅನ್ನುವ ಅಳು. ಕ್ಯಾಲೆಂಡರಿನಲ್ಲಿ ಜುಲೈ ತಿಂಗಳ ಒಂದು ಸಂಜೆಗೆ ಈಗಲೇ ಗುರುತು ಹಾಕಿ. ಅವತ್ತು ಒಂದು ಡಬ್ಬಿ ಚಿತ್ರಾನ್ನ ತೆಗೆದುಕೊಂಡು ಹೋಗಿ, ಒಂದು ಗಂಟೆ ಗಣಿತಕ್ಕೆ ಕೂತುಕೊಳ್ಳಿ. ಅಷ್ಟು ಹೊತ್ತು ಆ ತಾಯಿ ಕಾಲು ಚಾಚಿ ಮಲಗಲಿ.